ಪರದೆಯ ಕೆಳಗಿನ ಸಾಲು

ಮೈಕ್‌ಸೆಟ್ ಚಾಚಾ ತೀರಿಕೊಂಡು ಮೊನ್ನೆಗೆ ಒಂದು ವರ್ಷ ತುಂಬಿತು. ಶಹಾಬಾದಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಇಪ್ಪತ್ತು ವರ್ಷ ಆ ಗೋಡೆಯ ಆಚೆಯಿಂದ ಏನಾದರೊಂದು ಸದ್ದು ಬರುತ್ತಲೇ ಇತ್ತು. ಅವರ ಹೆಂಡತಿ, ಚಾಚಿ, ಮಗಳ ಮನೆಗೆ ಹೋದ ಮೇಲೆ ಈಗ ಆ ಮನೆಗೆ ಬೀಗ. ಮಧ್ಯಾಹ್ನ ಶಾಲೆಯಿಂದ ಬಂದು ಊಟಕ್ಕೆ ಕುಳಿತಾಗ ನನ್ನ ಕಿವಿ ತಾನಾಗಿಯೇ ಆ ಕಡೆ ಹೋಗುತ್ತದೆ.

ಅವರದು ಸ್ಟೇಷನ್ ರಸ್ತೆಯಲ್ಲಿ ಮೈಕ್‌ಸೆಟ್ ಅಂಗಡಿ. ಮದುವೆ, ಉರುಸು, ಗಣಪತಿ, ಎಲೆಕ್ಷನ್ ಭಾಷಣ, ಎಲ್ಲಕ್ಕೂ ಅವರ ಭೋಂಗಾ ಸ್ಪೀಕರುಗಳೇ. ಅಂಗಡಿಯ ಗೋಡೆಯ ತುಂಬ ಆ ತಗಡಿನ ಭೋಂಗಾಗಳು ದೊಡ್ಡ ದತ್ತೂರಿ ಹೂಗಳ ಹಾಗೆ ಬಾಯಿ ತೆರೆದು ನೇತಾಡುತ್ತಿದ್ದವು. ಆಟೋಕ್ಕೆ ಎರಡು ಭೋಂಗಾ ಕಟ್ಟಿಕೊಂಡು ವಾಡಿ, ಚಿತ್ತಾಪುರ, ಸೇಡಂವರೆಗೂ ಹೋಗಿ ಪ್ರಚಾರ ಮಾಡುತ್ತಿದ್ದರು. ಕನ್ನಡ, ದಖನಿ, ಸೇಡಂ ದಾಟಿದರೆ ಒಂದಿಷ್ಟು ತೆಲುಗು, ಮೂರರಲ್ಲೂ ಅವರ ದನಿ ಒಂದೇ ಥರ ಹಸನಾಗಿ ಬರುತ್ತಿತ್ತು. ಮೈಕ್ ಪರೀಕ್ಷೆ ಮಾಡುವಾಗ ಎಲ್ಲರ ಹಾಗೆ ಅವರು ಅಂಕಿ ಎಣಿಸುತ್ತಿರಲಿಲ್ಲ. "ಹಿಂದಿನವರಿಗೆ ಕೇಳ್ತದೇನ್ರಿ?" ಎಂದು ಕೇಳುತ್ತಿದ್ದರು. ಯಾರೂ ಉತ್ತರ ಕೊಡದಿದ್ದರೆ ಮೈಕನ್ನು ಬೇರೆಯವರ ಕೈಗೆ ಕೊಟ್ಟು, ಪೆಂಡಾಲಿನ ಕೊನೆಯ ಸಾಲಿನ ಹಿಂದೆ ಹೋಗಿ ನಿಂತು, ತಲೆ ವಾಲಿಸಿ ತಾವೇ ಕೇಳಿ ನೋಡುತ್ತಿದ್ದರು. ಯಾರಾದರೂ ಎದುರಿಗೆ ನಿಂತು ದೊಡ್ಡ ದನಿಯಲ್ಲಿ ಮಾತಾಡಿದರೆ ಹೆಬ್ಬೆರಳು ತೋರುಬೆರಳು ಸೇರಿಸಿ ಗಾಳಿಯಲ್ಲಿ ಒಂದು ಗುಂಡಿ ತಿರುವುತ್ತಿದ್ದರು. ಜರಾ ಕಡಿಮೆ ಮಾಡ್ರಿ ಎಂದು ಅದರ ಅರ್ಥ. ಜಗಳ ಆಡಲು ಬಂದವರೂ ಅದನ್ನು ನೋಡಿ ನಕ್ಕು ಹೋದದ್ದುಂಟು.

ಚಾಚಿಗೆ ಕಿವಿ ಹೋದಾಗ ಅವರಿಗೆ ನಲವತ್ತರ ಆಸುಪಾಸು. ಎಂಥದೋ ಜ್ವರ ಬಂತು. ಕಲಬುರಗಿಯ ಆಸ್ಪತ್ರೆಯಲ್ಲಿ ಒಂದು ತಿಂಗಳು ಇದ್ದರು. ಬದುಕುವುದೇ ಅನುಮಾನ ಎಂದಿದ್ದರಂತೆ. ಬದುಕಿ ಬಂದರು, ಆದರೆ ಕಿವಿ ಅಲ್ಲೇ ಉಳಿಯಿತು. ಮಗಳು ಆಗ ಪಿ.ಯು.ಸಿ. ಓದುತ್ತಿದ್ದಳು. ಮನೆಯಲ್ಲಿ ಯಾರು ಏನು ಹೇಳಿದರೂ ನೋಟ್‌ಬುಕ್ಕಿನಲ್ಲಿ ಬರೆದು ತಾಯಿಗೆ ತೋರಿಸುವ ಕೆಲಸ ಅವಳದಾಯಿತು. ಕನ್ನಡದಲ್ಲಿ ಬರೆಯುತ್ತಿದ್ದಳು. ಯಾಕೆಂದರೆ ಚಾಚಿ ಮಳಖೇಡದ ಹತ್ತಿರದ ಹಳ್ಳಿಯವರು. ಅಲ್ಲಿ ಇದ್ದದ್ದು ಕನ್ನಡ ಶಾಲೆ ಒಂದೇ. ಏಳನೆಯ ಇಯತ್ತೆಯವರೆಗೆ ಅಲ್ಲೇ ಓದಿದ್ದರು. ಚಾಚಾ ಕಲಿತದ್ದು ಉರ್ದು ಶಾಲೆಯಲ್ಲಿ. ಕನ್ನಡವನ್ನು ಮಾತಾಡುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ, ಬರೆಯುವುದಕ್ಕೆ ಮಾತ್ರ ಒಂದಕ್ಷರ ಬರುತ್ತಿರಲಿಲ್ಲ. ಅವರು ಬರೆದದ್ದನ್ನು ಹೆಂಡತಿಗೆ ಓದಲು ಬಾರದು, ಹೆಂಡತಿ ಓದಬಲ್ಲದ್ದನ್ನು ಅವರಿಗೆ ಬರೆಯಲು ಬಾರದು. ಮಗಳಿದ್ದಷ್ಟು ದಿನ ಅದರ ಕಷ್ಟ ಯಾರಿಗೂ ಗೊತ್ತಾಗಲಿಲ್ಲ.

ಮಗಳನ್ನು ಚಿಂಚೋಳಿಗೆ ಕೊಟ್ಟರು. ಮದುವೆ ಮುಗಿದು ಅವಳು ಹೋದ ಮೇಲೆ ಮನೆಯಲ್ಲಿ ಉಳಿದದ್ದು ಕೈಸನ್ನೆ. ಊಟ, ನೀರು, ಅಂಗಡಿ, ಔಷಧ, ಇಷ್ಟಕ್ಕೆ ಸನ್ನೆ ಸಾಕು. ಅದಕ್ಕಿಂತ ಹೆಚ್ಚಿನದಕ್ಕೆ ಸಾಲದು. ಚಾಚಿ ಮೊದಲು ಟಿ.ವಿ. ಹುಚ್ಚಿನವರು. ಸಂಜೆ ಧಾರಾವಾಹಿಯ ಹೊತ್ತಿಗೆ ರೊಟ್ಟಿ ಬಡಿಯುವುದನ್ನೂ ಬಿಟ್ಟು ಬರುತ್ತಿದ್ದವರು. ಒಂದು ದಿನ ಚಾಚಾ ಅಂಗಡಿಯಿಂದ ಮನೆಗೆ ಬಂದು ನೋಡಿದರೆ, ಪಡಸಾಲೆಯಲ್ಲಿ ಟಿ.ವಿ. ಗೋಡೆಯ ಕಡೆ ಮುಖ ಮಾಡಿ ನಿಂತಿತ್ತು. ಚಾಚಿಯೇ ತಿರುಗಿಸಿಟ್ಟಿದ್ದರು. ಮೀನಿನಂಗ ಬಾಯಿ ತೆಗೀತಾರ, ಮುಚ್ಚತಾರ, ನನಗ್ಯಾಕ ಬೇಕು ಎಂದರಂತೆ.

ಇದನ್ನು ನನಗೆ ಹೇಳಿದ್ದು ಚಾಚಾ ಅವರೇ. ಮರುದಿನ ಬೆಳಿಗ್ಗೆ ನಾನು ಶಾಲೆಗೆ ಹೊರಟಾಗ ಬಾಗಿಲಲ್ಲಿ ನಿಂತಿದ್ದರು. ಐವತ್ತೈದು ದಾಟಿದ ಮನುಷ್ಯ, ತಪ್ಪು ಮಾಡಿದವರ ಹಾಗೆ ನೆಲ ನೋಡುತ್ತ ಕೇಳಿದರು.

"ಸರ್, ನನಗ ಕನ್ನಡ ಅಕ್ಷರ ಕಲಸ್ತೀರೇನು?"

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವನು. ಅಷ್ಟು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಮಕ್ಕಳನ್ನು ತಂದೆತಾಯಂದಿರು ಕಳಿಸುತ್ತಾರೆ, ಬರುತ್ತವೆ. ಸಂಜೆಯಿಂದಲೇ ಶುರು ಮಾಡಿದೆವು.

ಪಾಟಿ ಬಳಪ ಹಿಡಿಯಲು ಅವರಿಗೆ ನಾಚಿಕೆ. ಸೋಲ್ಡರಿಂಗ್ ಮಾಡಿ ಮಾಡಿ ಬೆರಳು ದಪ್ಪವಾಗಿದ್ದವು, ಅಕ್ಷರ ದುಂಡಗೆ ಬರುತ್ತಿರಲಿಲ್ಲ. ಒಂದು ವಾರದಲ್ಲೇ ಅವರು ಬೇರೆ ದಾರಿ ಹುಡುಕಿದರು. ವಾಡಿಯಲ್ಲಿ ಒಂದು ಸೈಬರ್ ಅಂಗಡಿ ಮುಚ್ಚುವುದರಲ್ಲಿತ್ತು. ಅಲ್ಲಿಂದ ಒಂದು ಹಳೆಯ ಕಂಪ್ಯೂಟರನ್ನು ಪ್ರಚಾರದ ಆಟೋದಲ್ಲೇ ಹೇರಿಕೊಂಡು ಬಂದರು. ಬಿಚ್ಚಿ, ಧೂಳು ಊದಿ, ಏನೇನೋ ಬದಲಿಸಿ, ಪಡಸಾಲೆಯ ಕಲ್ಲಿನ ಕಟ್ಟೆಯ ಮೇಲಿಟ್ಟು ಟಿ.ವಿ.ಗೆ ಜೋಡಿಸಿದರು. ಕಂಪ್ಯೂಟರ್ ಪರದೆಯಲ್ಲಿ ಕಾಣಬೇಕಾದದ್ದೆಲ್ಲ ಟಿ.ವಿ.ಯಲ್ಲಿ ಅಷ್ಟು ದೊಡ್ಡದಾಗಿ ಕಂಡಿತು. ನಾನು ಕೀಬೋರ್ಡಿನ ಒಂದೊಂದು ಗುಂಡಿಗೂ ಕನ್ನಡ ಅಕ್ಷರ ಬರೆದ ಚೀಟಿ ಅಂಟಿಸಿಕೊಟ್ಟೆ.

ಸಿನಿಮಾದ ಚಿತ್ರದ ಕೆಳಗೆ ಮಾತನ್ನು ಬರೆಯಬಹುದು ಎನ್ನುವುದು ಅವರಿಗೆ ಎಲ್ಲಿಂದ ತಿಳಿಯಿತೋ. ಇಂಗ್ಲಿಷ್ ಪಿಚ್ಚರಿನಲ್ಲಿ ನೋಡಿದ್ದೆ ಎಂದರು. ಯಾವ ನಿಮಿಷ, ಯಾವ ಸೆಕೆಂಡಿಗೆ ಸಾಲು ಬರಬೇಕು, ಯಾವಾಗ ಹೋಗಬೇಕು ಎಂದು ಒಂದು ಕಡತದಲ್ಲಿ ಬರೆದಿಟ್ಟರೆ ಕಂಪ್ಯೂಟರ್ ಆ ಹೊತ್ತಿಗೆ ಸರಿಯಾಗಿ ಅದನ್ನು ತೋರಿಸುತ್ತದೆ. ಹೇಳಲು ಸುಲಭ. ಮೊದಲನೆಯ ಸಿನಿಮಾ, ಹಿಂದಿಯದು, ಮುಗಿಯಲು ಒಂದೂವರೆ ತಿಂಗಳು ಹಿಡಿಯಿತು. ಅವರು ಒಂದು ಮಾತು ಕೇಳುವರು, ನಿಲ್ಲಿಸುವರು, ಕನ್ನಡದಲ್ಲಿ ಹೇಗೆ ಹೇಳಬೇಕೆಂದು ಯೋಚಿಸುವರು, ಆಮೇಲೆ ಒಂದೇ ಬೆರಳಿನಿಂದ ಅಕ್ಷರ ಹುಡುಕುವರು. ಚಾಚಿ ದೂರ ಕುಳಿತು ಅವರೆಕಾಯಿ ಬಿಡಿಸುತ್ತ, ಈ ವಯಸ್ಸಿಗೆ ಇವರಿಗೆ ಏನು ಹುಚ್ಚು ಹಿಡಿಯಿತು ಎನ್ನುವಂತೆ ನೋಡುತ್ತಿದ್ದರು. ಗಂಡ ಏನು ಮಾಡುತ್ತಿದ್ದಾರೆಂದು ಅವರಿಗೆ ಗೊತ್ತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಅವರನ್ನು ಕರೆದು ಕೂರಿಸಿದರು. ನನ್ನನ್ನೂ ನನ್ನ ಹೆಂಡತಿಯನ್ನೂ ಕರೆದಿದ್ದರು. ಚಾಚಿ ಒಲ್ಲದ ಮನಸ್ಸಿನಿಂದ ಕುಳಿತರು. ಹೀರೋ ಬಸ್ಸಿನಿಂದ ಇಳಿದ, ಬಾಯಿ ತೆರೆದ. ಕೆಳಗೆ ಸಾಲು ಬಂತು: "ಯಾಕೋ ಮಾಮಾ, ಊರಾಗ ಎಲ್ಲಾ ಛಲೋ ಅದಾರೇನು?" ಚಾಚಿ ಗಟ್ಟಿಯಾಗಿ ನಕ್ಕುಬಿಟ್ಟರು. ಕಿವಿ ಹೋದ ಮೇಲೆ ಅವರಿಗೆ ತಮ್ಮ ದನಿಯ ಅಳತೆ ತಪ್ಪಿತ್ತು, ಆ ನಗು ರಸ್ತೆಯವರೆಗೂ ಕೇಳಿರಬೇಕು. ಚಾಚಾ ತಮ್ಮ ಎರಡು ಬೆರಳಿನ ಗುಂಡಿಯನ್ನು ತಿರುವಲಿಲ್ಲ. ಸಾಲುಗಳು ಕೆಲವು ಕಡೆ ಮಾತಿಗಿಂತ ಮುಂಚೆ ಬಂದವು, ಕೆಲವು ಕಡೆ ಸತ್ತವನೇ ಮಾತಾಡಿದ ಹಾಗಾಯಿತು. ಚಾಚಿ ಅದನ್ನೂ ಬಿಡದೆ, ಇಲ್ಲಿ ತಪ್ಪ್ಯಾದ, ಅಲ್ಲಿ ತಪ್ಪ್ಯಾದ ಎಂದು ಬೆರಳು ತೋರಿಸುತ್ತ ಮೂರು ತಾಸು ಕುಳಿತಲ್ಲಿಂದ ಏಳಲಿಲ್ಲ.

ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಎರಡನೆಯ ಸಿನಿಮಾದ ಸಾಲುಗಳನ್ನು ನನಗೆ ತಿದ್ದಲು ಕೊಟ್ಟಿದ್ದರು. ಕಾಗುಣಿತ ಮಾತ್ರ ತಿದ್ದಬೇಕಿತ್ತು. ಮೇಷ್ಟರ ಚಟ, ನಾನು ಭಾಷೆಯನ್ನೂ ತಿದ್ದಿದೆ. "ಬರ್ತೀನಿ ನಿಂದರು" ಎಂದಿದ್ದುದನ್ನು "ಬರುತ್ತೇನೆ, ನಿಲ್ಲು" ಎಂದು ಮಾಡಿದೆ. ಚಾಚಿ ಹತ್ತು ನಿಮಿಷ ನೋಡಿ ಎದ್ದುಬಿಟ್ಟರು. ಇದು ಯಾರು ಮಾತಾಡಾಕತ್ತಾರ, ಸರಕಾರದವರೇನು ಎಂದು ಕೇಳಿದರು. ಅವರು ಸಾಲುಗಳಲ್ಲಿ ಓದುತ್ತಿದ್ದದ್ದು ಹೀರೋನ ಮಾತನ್ನಲ್ಲ, ಗಂಡನ ದನಿಯನ್ನು. ಅದು ನನಗೆ ಆವತ್ತು ತಿಳಿಯಿತು. ರಾತ್ರಿಯೊಳಗೆ ಎಲ್ಲವನ್ನೂ ಮೊದಲಿನಂತೆ ಮಾಡಿಕೊಟ್ಟೆ.

ಆಮೇಲೆ ಆ ಪಡಸಾಲೆ ಓಣಿಯ ಪಡಸಾಲೆಯಾಯಿತು. ಹಾಡು, ಸಿನಿಮಾ, ಮಗಳು ಫೋನಿನಲ್ಲಿ ಕಳಿಸಿದ ಮೊಮ್ಮಗಳ ಆಟ, ಹಳೆಯ ಫೋಟೋ, ಎಲ್ಲ ಆ ಒಂದು ಕಂಪ್ಯೂಟರಿನಲ್ಲಿ. ಭಾನುವಾರ ಓಣಿಯ ಹೆಂಗಸರು ಬಂದು ಚಾಪೆಯ ಮೇಲೆ ಕೂರುತ್ತಿದ್ದರು. ವಾಡಿಯಿಂದ ಒಬ್ಬ ಮುದುಕರು ಬಸ್ಸು ಹತ್ತಿ ಬರುತ್ತಿದ್ದರು. ಕಲ್ಲು ಒಡೆಯುವ ಮಶೀನಿನ ಪಕ್ಕ ಜೀವಮಾನ ಕಳೆದು ಅವರಿಗೆ ಕಿವಿ ಮಂದವಾಗಿತ್ತು. ಅವರೂ ಚಾಚಿಯೂ ಒಂದೇ ಕಡೆ ಒಂದೇ ಸಲಕ್ಕೆ ನಗುತ್ತಿದ್ದರು, ಉಳಿದವರಿಗಿಂತ ಒಂದು ಚೂರು ಮುಂಚೆ. ಓದುವುದು ಕೇಳುವುದಕ್ಕಿಂತ ಬೇಗ. ಚಾಚಾ ಟಿ.ವಿ. ನೋಡುತ್ತಿರಲಿಲ್ಲ. ಎಲ್ಲರ ಹಿಂದೆ ಬಾಗಿಲ ಹತ್ತಿರ ನಿಂತು ಹೆಂಡತಿಯ ಮುಖ ನೋಡುತ್ತಿದ್ದರು.

ಮಗಳ ಮದುವೆಯ ವಿಡಿಯೋಗೆ ಸಾಲು ಬರೆದಾಗ ದೊಡ್ಡ ಗಲಾಟೆಯಾಯಿತು. ಅದನ್ನು ಬರೆಯಬೇಕೆಂದು ಚಾಚಿಯೇ ಹಟ ಹಿಡಿದಿದ್ದರು. ತಮ್ಮ ಒಬ್ಬಳೇ ಮಗಳ ಮದುವೆಯಲ್ಲಿ ಯಾರು ಏನಂದರು ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ಚಾಚಾ ಬರೆದರು. ಒಂದು ಕಡೆ ಹೆಂಗಸರು ಊಟಕ್ಕೆ ಕುಳಿತಿರುವಾಗ ಚಾಚಾ ಅವರ ಸ್ವಂತ ಅಕ್ಕ ಪಕ್ಕದವರಿಗೆ ಏನೋ ಹೇಳುತ್ತಾರೆ. ಕ್ಯಾಮರಾ ಹತ್ತಿರವೇ ಇತ್ತು, ಮಾತು ಸ್ಪಷ್ಟ ಕೇಳುತ್ತದೆ: ಹುಡುಗಿ ಛಲೋ ಅದಾಳ, ತಾಯಿನ್ನ ಮಾತ್ರ ಗೊಂಬಿ ಕೂಡಿಸ್ದಂಗ ಕೂಡಿಸ್ಯಾರ. ಚಾಚಾ ಕೆಳಗೆ ಬರೆದದ್ದು: "ಹುಡುಗಿ ಛಲೋ ಅದಾಳ, ತಾಯಿ ಭಾಳ ನಿಗಾ ಮಾಡಿ ಬೆಳೆಸ್ಯಾಳ."

ಚಾಚಿ ಅಲ್ಲಿ ನಿಲ್ಲಿಸಲು ಹೇಳಿದರು. ಹಿಂದಕ್ಕೆ ತಿರುಗಿಸಲು ಹೇಳಿದರು. ಮೂರು ಸಲ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ನೀವು ಹೇಳ್ರಿ ಸರ್, ಆಕಿ ಹಿಂಗೇ ಅಂದಾಳೇನು ಎಂದು ಕೇಳಿದರು. ನಾನು ಚಾಚಾ ಅವರ ಮುಖ ನೋಡಿದೆ, ಆಮೇಲೆ ಹೌದೆಂದು ತಲೆಯಾಡಿಸಿದೆ.

"ನನ್ನ ಕಿವಿ ಹೋಗ್ಯಾವ, ಕಣ್ಣು ಅದಾವ," ಎಂದರು ಚಾಚಿ. "ಆಕಿ ನನ್ನ ಕಡೆ ನೋಡಿ ಮಾರಿ ತಿರುವಿದ್ದು ನನಗ ಕಾಣಂಗಿಲ್ಲೇನು? ಬೈದ್ರ ಬೈದಾರಂತ ಬರೀರಿ. ನಾನೂ ಈ ಮನ್ಯಾಗ ಅದೀನಿ."

ನಾಲ್ಕು ದಿನ ಅವರು ಪಡಸಾಲೆಗೆ ಬರಲಿಲ್ಲ. ಚಾಚಾ ನಾಲ್ಕು ದಿನ ಅಂಗಡಿ ತೆರೆಯಲಿಲ್ಲ. ಐದನೆಯ ದಿನ ಆ ಸಾಲನ್ನು ತೆಗೆದು, ಅಕ್ಕ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು, ಹೆಂಡತಿಯನ್ನು ಕೈಹಿಡಿದು ಕರೆತಂದು ತೋರಿಸಿದರು. ಚಾಚಿ ಓದಿದರು. ಹ್ಞಾಂ, ಇದು ಆಕಿ ಮಾತು ಎಂದು ತಲೆದೂಗಿದರು. ಮುಖದಲ್ಲಿ ಒಂದು ಥರದ ಸಮಾಧಾನ ಇತ್ತು. ಆಮೇಲೆ ಅಡುಗೆಮನೆಗೆ ಹೋಗಿ ಅತ್ತರು. ಅವರಿಗೆ ತಮ್ಮ ಅಳು ಕೇಳುತ್ತಿರಲಿಲ್ಲ, ನಮಗೆ ಕೇಳುತ್ತಿತ್ತು. ಚಾಚಾ ಕೀಬೋರ್ಡ್ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದರು. ಇನ್ನ ಸುಳ್ಳು ಬರಿಯಂಗಿಲ್ಲ ಸರ್ ಎಂದರು. ನನಗೆ ಹೇಳಿದರೋ, ತಮಗೇ ಹೇಳಿಕೊಂಡರೋ.

ಅದಾಗಿ ಎರಡು ವರ್ಷದ ಮೇಲೆ ಅವರ ದನಿ ಒಡೆಯತೊಡಗಿತು. ಚಿತ್ತಾಪುರದಲ್ಲಿ ಒಂದು ಪ್ರಚಾರ ಮಾಡುತ್ತಿದ್ದಾಗ ಮಧ್ಯದಲ್ಲೇ ಗಂಟಲು ಕಟ್ಟಿತು. ಧೂಳು ಎಂದರು, ಬಿಸಿಲು ಎಂದರು, ಅರಿಸಿನ ಹಾಲು ಕುಡಿದರು. ಎರಡು ತಿಂಗಳಾದರೂ ಇಳಿಯಲಿಲ್ಲ. ನಾನೇ ಬಲವಂತ ಮಾಡಿ ಕಲಬುರಗಿಗೆ ಕರೆದುಕೊಂಡು ಹೋದೆ. ಎರಡನೆಯ ಸಲ ಹೋದಾಗ ಡಾಕ್ಟರು ರಿಪೋರ್ಟ್ ನೋಡಿ, ಗಂಟಲಲ್ಲಿ ಗಂಟಿದೆ, ಅದು ಕೆಟ್ಟ ಗಂಟು, ದನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ಚಾಚಾ ರಿಪೋರ್ಟನ್ನು ಮಡಿಚಿ ಜೇಬಿಗಿಟ್ಟುಕೊಂಡರು. ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕುಳಿತು ದಾರಿಯುದ್ದಕ್ಕೂ ಕಲ್ಲಿನ ಖಣಿಗಳನ್ನು ನೋಡುತ್ತ ಬಂದರು. ಶಹಾಬಾದಿನಲ್ಲಿ ಇಳಿದು ಚಹಾದ ಅಂಗಡಿಯ ಬೆಂಚಿನ ಮೇಲೆ ಕುಳಿತ ಮೇಲೆ ಬಾಯಿ ತೆರೆದರು.

"ಆಕಿಗೆ ಹೇಳಬೇಕಲ್ಲ ಸರ್."

ಆಪರೇಷನ್ ಆಗಲಿ, ಸ್ವಲ್ಪ ದಿನ ಹೋಗಲಿ ಎಂದೆ. ಅವರು ಇಲ್ಲವೆಂದು ತಲೆಯಲ್ಲಾಡಿಸಿದರು. ಇನ್ನ ಸುಳ್ಳು ಇಲ್ಲಂತ ಮಾತು ಕೊಟ್ಟೀನಿ ಎಂದರು.

ಎದುರಿಗೆ ಕುಳಿತು ಟೈಪ್ ಮಾಡಿ ತೋರಿಸಲು ಅವರಿಂದಾಗಲಿಲ್ಲ. ಎರಡು ಸಲ ಕುಳಿತು ಎದ್ದರಂತೆ. ಕೊನೆಗೆ ಅಂಗಡಿಗೆ ಹೋಗಿ, ಬಾಗಿಲು ಹಾಕಿಕೊಂಡು, ಫೋನನ್ನು ಎದುರಿಗಿಟ್ಟು, ಹೇಳಬೇಕಾದುದನ್ನು ಆ ಒಡಕು ದನಿಯಲ್ಲೇ ಹೇಳಿ ವಿಡಿಯೋ ಮಾಡಿದರು. ಅದಕ್ಕೆ ಸಾಲು ಬರೆದರು. ಮನೆಗೆ ತಂದು ಟಿ.ವಿ.ಯಲ್ಲಿ ಹಾಕಿದ ದಿನ ನನ್ನನ್ನು ಬರಹೇಳಿದ್ದರು. ನಾನು ಒಳಗೆ ಹೋಗದೆ ಹೊಸ್ತಿಲಲ್ಲೇ ನಿಂತೆ.

ಪರದೆಯ ಮೇಲೆ ಚಾಚಾ. ಹಿಂದೆ ಗೋಡೆಯ ತುಂಬ ಭೋಂಗಾಗಳು. ಕೆಳಗೆ ಒಂದೊಂದೇ ಸಾಲು ಬಂದು ಹೋಯಿತು. ನನ್ನ ಗಂಟಲದಾಗ ಗಂಟು ಆಗ್ಯಾದ. ಛಲೋ ಗಂಟು ಅಲ್ಲ. ಕೊಯ್ದು ಆವಾಜ ತೆಗೀತಾರ. ಉಳೀತೀನೋ ಇಲ್ಲೋ ಅಂಬೋದು ಡಾಕ್ಟರಿಗೂ ಗೊತ್ತಿಲ್ಲ. ನೀ ಅಳಬ್ಯಾಡ ಅಂತ ನಾ ಹೇಳಂಗಿಲ್ಲ.

ಚಾಚಿ ಪೂರ್ತಿ ಓದಿದರು. ಇನ್ನೊಂದು ಸಲ ಹಾಕಿಸಿ ಓದಿದರು. ಎಷ್ಟು ದಿನದಿಂದ ಗೊತ್ತದ ಎಂದು ಕೇಳಿದರು. ಚಾಚಾ ಕೈಯ ಐದು ಬೆರಳು ತೋರಿಸಿದರು.

"ಐದು ದಿನ ಒಬ್ಬರೇ ಇಟ್ಕೊಂಡೀರಿ?" ಎಂದರು ಚಾಚಿ.

ಅಷ್ಟೇ ಅವರು ಕೇಳಿದ್ದು. ಎದ್ದು ಬಂದು ಗಂಡನ ಪಕ್ಕ ಕುಳಿತರು. ಮುಗಿದ ವಿಡಿಯೋದ ಕಪ್ಪು ಪರದೆಯನ್ನು ಇಬ್ಬರೂ ನೋಡುತ್ತ ಕುಳಿತಿದ್ದರು. ನಾನು ಸದ್ದಿಲ್ಲದೆ ಮನೆಗೆ ಬಂದೆ.

ಆಪರೇಷನ್ ಆಯಿತು. ಕುತ್ತಿಗೆಯಲ್ಲಿ ಉಸಿರಿಗೆ ಒಂದು ತೂತು ಉಳಿಯಿತು. ಅದಕ್ಕೆ ಚಾಚಿ ತೆಳುವಾದ ಬಿಳಿ ಮಲ್‌ಬಟ್ಟೆಯ ಪಟ್ಟಿಗಳನ್ನು ಹೊಲಿದು ಕಟ್ಟುತ್ತಿದ್ದರು. ಪಿಸುಮಾತು ಕೂಡ ಇಲ್ಲ. ಮೈಕ್‌ಸೆಟ್ ಅಂಗಡಿಯನ್ನು ಬೇರೆಯವರಿಗೆ ವಹಿಸಿ ಅವರು ಪೂರ್ತಿ ಪಡಸಾಲೆಗೆ ಬಂದುಬಿಟ್ಟರು. ಒಂದು ಭೋಂಗಾ, ಒಂದು ದೊಡ್ಡ ಬ್ಯಾಟರಿ, ಇವನ್ನು ಮಾತ್ರ ಮನೆಗೆ ತಂದುಕೊಂಡರು. ಬೇಸಿಗೆಯಲ್ಲಿ ಕರೆಂಟು ಹೋಗುತ್ತಿರುತ್ತದೆ, ಅದಕ್ಕೆ ಕಂಪ್ಯೂಟರನ್ನೂ ಟಿ.ವಿ.ಯನ್ನೂ ಆ ಬ್ಯಾಟರಿಗೆ ಜೋಡಿಸಿದರು.

ಅಲ್ಲಿಂದ ಮುಂದಿನ ಹತ್ತು ತಿಂಗಳು ನಾನು ಆ ಮನೆಯಲ್ಲಿ ಕಂಡದ್ದನ್ನು ಬೇರೆಲ್ಲೂ ಕಂಡಿಲ್ಲ. ಕೇಳಲಾರದವರು ಮಾತಾಡುತ್ತಿದ್ದರು, ಮಾತಾಡಲಾರದವರು ಟಿ.ವಿ. ಪರದೆಯ ಮೇಲೆ ಉತ್ತರ ಬರೆಯುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಮಾತೋ ಮಾತು. ಅಂಗಡಿ ಇದ್ದಾಗ ಇವರು ಇಷ್ಟು ಮಾತಾಡಿದ್ದು ನಾ ಕಾಣೆ ಎಂದು ಚಾಚಿಯೇ ನನ್ನ ಹೆಂಡತಿಗೆ ಹೇಳಿದ್ದರು. ಸಣ್ಣವರಿದ್ದಾಗ ಕಾಗಿಣಾ ನದಿಯಲ್ಲಿ ಈಜಲು ಹೋಗಿ ಪೆಟ್ಟು ತಿಂದದ್ದು, ಮೊದಲನೆಯ ಸಲ ಮೈಕ್ ಹಿಡಿದು ಮಾತಾಡಿದ್ದು, ಇಂಥವನ್ನೆಲ್ಲ ಚಾಚಾ ಬರೆಯುತ್ತಿದ್ದರು. ಈಗ ಹತ್ತೂ ಬೆರಳು ಓಡುತ್ತಿದ್ದವು. ಮನೆಮಾತು ದಖನಿಯಾದವರು, ತಮ್ಮ ಕೊನೆಯ ದಿನಗಳ ಸಂಸಾರವನ್ನು ಕನ್ನಡದಲ್ಲಿ ಮಾಡಿದರು.

ಚಾಚಿ ಅಡುಗೆಮನೆಯಲ್ಲಿದ್ದರೆ ಕರೆಯುವುದು ಹೇಗೆ? ಅದಕ್ಕೆ ಅವರು ಒಲೆಯ ಮೇಲುಗಡೆ ಒಂದು ಕೆಂಪು ಬಲ್ಬು ಹಾಕಿ, ಅದರ ಗುಂಡಿಯನ್ನು ತಮ್ಮ ಕುರ್ಚಿಯ ಕೈಗೆ ಕೂರಿಸಿಕೊಂಡಿದ್ದರು. ಒತ್ತಿದರೆ ಬಲ್ಬು ಮಿನುಗುತ್ತದೆ, ಚಾಚಿ ಬರುತ್ತಾರೆ. ಓಣಿಯವರಿಗೆಲ್ಲ ಅದನ್ನು ಒತ್ತಿ ತೋರಿಸಿದ್ದರು.

ಮಾರ್ಚ್ ಕಳೆದು ಬಿಸಿಲು ಏರಿದ್ದ ಹೊತ್ತು. ಮಧ್ಯಾಹ್ನ ಮೂರು ಗಂಟೆಗೆ ಕರೆಂಟು ಹೋಗಿತ್ತು. ನಾನು ಗೋಡೆಯ ಈಚೆ ಕುಳಿತು ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ಚಾಚಿ ಚಹಾ ಮಾಡಲು ಒಳಗೆ ಹೋಗಿದ್ದಾರೆ. ಹಾಲು ಕಾಯಿಸಿ, ಶುಂಠಿ ಜಜ್ಜಿ, ಹಾಗೆಯೇ ಒಂದೆರಡು ಪಾತ್ರೆ ತೊಳೆದಿದ್ದಾರೆ. ಹತ್ತು ಹನ್ನೆರಡು ನಿಮಿಷ ಆಗಿರಬಹುದು. ನನಗೆ ಗೋಡೆಯ ಆಚೆಯಿಂದ ಮೊದಲು ಕೇಳಿಸಿದ್ದು ಚಹಾದ ಕಪ್ಪುಬಸಿ ಬಿದ್ದು ಒಡೆದ ಸದ್ದು, ಆಮೇಲೆ ಚಾಚಿಯ ಕೂಗು.

ನಾನು ಓಡಿಹೋದಾಗ ಚಾಚಾ ಕುರ್ಚಿಯಲ್ಲೇ ಇದ್ದರು. ತಲೆ ಒಂದು ಕಡೆ ವಾಲಿತ್ತು. ಕೀಬೋರ್ಡು ತೊಡೆಯಿಂದ ಜಾರಿ ನೆಲಕ್ಕೆ ಬಿದ್ದಿತ್ತು. ಕೈ ಹಿಡಿದು ನೋಡಿದೆ, ಬಿಸಿ ಇತ್ತು, ನಾಡಿ ಇರಲಿಲ್ಲ. ಆಮೇಲೆ ಬಂದ ಡಾಕ್ಟರು ಹೃದಯ ಎಂದರು. ಕುರ್ಚಿಯ ಕೈಗಿದ್ದ ಗುಂಡಿಯನ್ನು ಎಷ್ಟು ಸಲ ಒತ್ತಿದ್ದರೋ ಯಾರಿಗೆ ಗೊತ್ತು. ಕಂಪ್ಯೂಟರಿಗೆ ಬ್ಯಾಟರಿ ಇತ್ತು, ಟಿ.ವಿ.ಗೆ ಇತ್ತು. ಆ ಕೆಂಪು ಬಲ್ಬಿಗೆ ಇರಲಿಲ್ಲ. ಊರಿಗೆಲ್ಲ ವೈರು ಎಳೆದ ಮನುಷ್ಯನಿಗೆ ಅದೊಂದು ಹೊಳೆದಿರಲಿಲ್ಲ. ದಿನಾ ಹೋಗಿ ಬರುತ್ತಿದ್ದ ನನಗೂ ಹೊಳೆದಿರಲಿಲ್ಲ. ಈ ಒಂದು ವರ್ಷ ನಾನು ಆ ಬಲ್ಬಿನ ಬಗ್ಗೆ ಯೋಚಿಸದ ದಿನವಿಲ್ಲ.

ಟಿ.ವಿ. ಉರಿಯುತ್ತಲೇ ಇತ್ತು. ಪರದೆಯ ಮೇಲೆ ಚಹಾಕ್ಕೆ ಮುಂಚಿನ ಅವರ ಕೊನೆಯ ಉತ್ತರ, ಸಕ್ಕರಿ ಕಡಿಮಿ ಹಾಕು ಅಂತ. ಅದರ ಕೆಳಗೆ ಚಾಚಿಯ ಹೆಸರು. ಅದರ ಕೆಳಗೆ ಇನ್ನೊಂದು ಸಲ. ಇನ್ನೊಂದು ಸಲ. ನಾಲ್ಕನೆಯ ಸಾಲಿನಲ್ಲಿ ಮೊದಲಿನ ಅಕ್ಷರ ಒಂದೇ.

ಮಗಳು ಅಳಿಯ ಚಿಂಚೋಳಿಯಿಂದ ಬರುವ ಹೊತ್ತಿಗೆ ಸಂಜೆಯಾಗಿತ್ತು. ಮನೆ ತುಂಬ ಜನ. ಸಾವಿನ ಮನೆಯಲ್ಲಿ ಟಿ.ವಿ. ಯಾಕೆಂದು ಯಾರೋ ಅದರ ಮೇಲೆ ಚಾದರ ಹೊದಿಸಿದ್ದರು. ಬಂದ್ ಮಾಡಲು ಹೋದವರ ಕೈಯನ್ನು ಚಾಚಿ ಹಿಡಿದು, ಸರ್‌ನ ಕರೀರಿ ಎಂದರಂತೆ. ನನಗೆ ಹೇಳಿಕಳಿಸಿದರು.

ಚಾಚಿ ಚಾದರ ಸರಿಸಿ ಪರದೆಯ ಮುಂದೆ ನಿಂತಿದ್ದರು. ನಾನು ಹೋದ ಕೂಡಲೇ, ಇದನ್ನ ಬಂದ್ ಮಾಡಿದ್ರ ಅಳಸ್ತದೇನು ಎಂದು ಕೇಳಿದರು. ಅವರಿಬ್ಬರ ಮಾತನ್ನು ಚಾಚಾ ಎಂದೂ ಉಳಿಸಿಟ್ಟಿರಲಿಲ್ಲ. ದಿನದ ಮಾತು ದಿನಕ್ಕೆ ಹೋಗುತ್ತಿತ್ತು. ಹೌದು, ಉಳಿಸಿಕೊಳ್ಳದಿದ್ದರೆ ಹೋಗುತ್ತದೆ ಎಂದು ಕೈಸನ್ನೆ ಮಾಡಿದೆ.

"ಮದುವಿ ಆದಾಗಿಂದ ಅವರು ನನ್ನ ಹೆಸರು ಹಿಡದು ಕರದಿದ್ದಿಲ್ಲ ಸರ್," ಎಂದರು. ಅವರ ದನಿ ಆವತ್ತು ಎಷ್ಟು ಸಣ್ಣದಾಗಿತ್ತೆಂದರೆ ಪಕ್ಕದಲ್ಲಿದ್ದ ಮಗಳಿಗೂ ಕೇಳಿರಲಿಕ್ಕಿಲ್ಲ. "ನಾ ಚಹಾ ಕುದಸ್ಲಿಕತ್ತಿದ್ದೆ."

ನಾನು ಕೆಳಗೆ ಕುಳಿತು ಕೀಬೋರ್ಡನ್ನು ಎತ್ತಿಕೊಂಡೆ. ಉಳಿಸುವ ಗುಂಡಿ ಒತ್ತಿದೆ. ಈ ಕಡತಕ್ಕೆ ಏನು ಹೆಸರಿಡಬೇಕು ಎಂದು ಕಂಪ್ಯೂಟರ್ ಕೇಳಿತು. ಖಾಲಿ ಜಾಗದಲ್ಲಿ ಒಂದು ಗೆರೆ ಮಿಣುಕುತ್ತಿತ್ತು. ನಾನು ಚಾಚಿಯ ಮುಖ ನೋಡಿದೆ. ಅವರು ಓದಿಕೊಂಡರು. ನನ್ನ ಪಕ್ಕದಲ್ಲಿ ಬಂದು ಕುಳಿತು ಕೀಬೋರ್ಡನ್ನು ತಮ್ಮ ಕಡೆ ಎಳೆದುಕೊಂಡರು. ಅವರು ಅದನ್ನು ಮುಟ್ಟಿದ್ದನ್ನು ನಾನು ನೋಡಿರಲಿಲ್ಲ. ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಗಂಡನ ಹೆಸರು ಬರೆದರು. ನಮ್ಮ ಕಡೆ ಆ ವಯಸ್ಸಿನ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ರೇಷನ್ ಕಾರ್ಡಿನವರು ಕೇಳಿದಾಗಲೂ ಚಾಚಿ ಮಗಳ ಕಡೆ ಬೊಟ್ಟು ಮಾಡಿದವರು. ಆ ಎರಡು ಹೆಸರುಗಳನ್ನು ಅವರು ಒಬ್ಬರಿಗೊಬ್ಬರು ಬರೆದುಕೊಂಡದ್ದು, ಹಾಗಾಗಿ ನಾನು ಇಲ್ಲಿ ಬರೆದಿಲ್ಲ.

ಬರೆದದ್ದನ್ನು ಒಂದು ಸಲ ಓದಿ ನೋಡಿದರು. ಸರಿ ಅದ ಏನ್ರಿ ಎಂದು ಕಣ್ಣಲ್ಲೇ ಕೇಳಿದರು. ಸರಿಯಿದೆ ಎಂದು ತಲೆಯಾಡಿಸಿದೆ. ಆಮೇಲೆ ಎದ್ದು, ಟಿ.ವಿ.ಯನ್ನು ತಾವೇ ಬಂದ್ ಮಾಡಿ, ಚಾದರವನ್ನು ನಾಲ್ಕು ಮಡಿಕೆ ಮಾಡಿಟ್ಟು, ಹೆಂಗಸರ ನಡುವೆ ಹೋಗಿ ಕುಳಿತರು.